ಲಿವರ್ ಕ್ಯಾನ್ಸರ್ ಮುಂದುವರಿದಾಗ ಅಪರೂಪಕ್ಕೆ ಬರುವ ತೊಂದರೆಗಳು

(ರೋಗಿಗಳು ಹಾಗೂ ಅವರ ಮನೆಯವರಿಗಾಗಿ ಆಸ್ಪತ್ರೆಯ ಸಭಾಂಗಣದಲ್ಲಿ ನೀಡಿದ ಉಪನ್ಯಾಸ)



ಪೂಜ್ಯರ ಅಪ್ಪಣೆಯಂತೆ ಈ ತಿಂಗಳ ಮಾತು ಯಕೃತ್ತಿನ, ಅಂದರೆ ಲಿವರಿನ ಕ್ಯಾನ್ಸರ್ ಬಗ್ಗೆ. ಈ ರೋಗ ಏಕೆ ಬರುತ್ತದೆ, ಹೇಗೆ ತಡೆಯಬೇಕು ಎಂಬುದನ್ನು ಇಂದು ಹೇಳುವುದಿಲ್ಲ. ಇಲ್ಲಿ ಕುಳಿತ ಹಲವರ ಮನೆಯಲ್ಲಿ ರೋಗ ಆಗಲೇ ಬಂದಿದೆ, ಮುಂದುವರಿದೂ ಇದೆ. ಹೊಟ್ಟೆಯಲ್ಲಿ ನೀರು ತುಂಬುವುದು, ಊಟ ಸೇರದಿರುವುದು, ತೂಕ ಇಳಿಯುವುದು, ಇವನ್ನೆಲ್ಲ ನೀವು ಕಣ್ಣಾರೆ ಕಂಡಿದ್ದೀರಿ. ನಾನು ಹೇಳುವುದು ಎಲ್ಲರಿಗೂ ಬಾರದ, ಕೆಲವರಿಗೆ ಮಾತ್ರ ಬರುವ ತೊಂದರೆಗಳನ್ನು. ಹೆದರಿಸುವುದಕ್ಕಲ್ಲ. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ. ಆದರೆ ಮನೆಯವರು "ರೋಗವೇ ಹೀಗೆ, ಇನ್ನೇನು ಮಾಡುವುದು" ಎಂದು ಸುಮ್ಮನಾದರೆ ಆ ಚಿಕಿತ್ಸೆ ರೋಗಿಯನ್ನು ತಲುಪುವುದಿಲ್ಲ.

ಮೊದಲನೆಯದು ರಕ್ತದಲ್ಲಿ ಸಕ್ಕರೆ ಇಳಿಯುವುದು. ಇದರ ಬಗ್ಗೆಯೇ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಇದನ್ನು ಕಂಡುಹಿಡಿಯಲು ಒಂದು ಹನಿ ರಕ್ತ ಸಾಕು. ನಮ್ಮ ಲಿವರ್ ಒಂದು ಕಣಜ ಇದ್ದ ಹಾಗೆ. ಉಂಡಾಗ ಬಂದ ಸಕ್ಕರೆಯನ್ನು ಕೂಡಿಟ್ಟುಕೊಂಡು, ರಾತ್ರಿ ನಾವು ಮಲಗಿರುವಾಗ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಗಡ್ಡೆಯು ಲಿವರಿನ ಬಹುಭಾಗವನ್ನು ಆಕ್ರಮಿಸಿದಾಗ ಕಣಜ ಬರಿದಾಗುತ್ತದೆ. ಜೊತೆಗೆ ಗಡ್ಡೆಯೂ ಸಕ್ಕರೆಯನ್ನು ಹೀರುತ್ತದೆ. ಇನ್ನು ಕೆಲವರಲ್ಲಿ, ರೋಗಿ ಗಟ್ಟಿಯಾಗಿ ಓಡಾಡಿಕೊಂಡಿರುವಾಗಲೇ, ಗಡ್ಡೆಯು ಇನ್ಸುಲಿನ್ನಿನಂತೆ ಕೆಲಸ ಮಾಡುವ ಒಂದು ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಇದು ಹೊಸ ಸಂಗತಿಯೇನಲ್ಲ. ಲಿವರ್ ಕ್ಯಾನ್ಸರಿನಲ್ಲಿ ಸಕ್ಕರೆ ಇಳಿಯುವುದನ್ನು ವೈದ್ಯರು 1929ರಲ್ಲೇ ವರದಿ ಮಾಡಿದ್ದಾರೆ.

ಸಕ್ಕರೆ ಇಳಿಯುವುದು ಹೆಚ್ಚಾಗಿ ಬೆಳಗಿನ ಜಾವ, ಹೊಟ್ಟೆ ಖಾಲಿ ಇದ್ದಾಗ. ಮೈ ಬೆವೆತು ತಣ್ಣಗಾಗುತ್ತದೆ, ಕೈ ನಡುಗುತ್ತದೆ, ರೋಗಿ ಏನೇನೋ ಮಾತಾಡುತ್ತಾರೆ, ಮನೆಯವರ ಗುರುತು ಹಿಡಿಯುವುದಿಲ್ಲ, ಎಬ್ಬಿಸಿದರೆ ಏಳುವುದಿಲ್ಲ. ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಇಲ್ಲಿಯೇ ಎಡವಟ್ಟಾಗುವುದು. ಲಿವರ್ ಕೆಟ್ಟವರಲ್ಲಿ ಮಲಬದ್ಧತೆಯಾಗಿ ವಿಷ ತಲೆಗೇರಿ ಮಂಪರು ಬರುವುದು ಸಾಮಾನ್ಯ. ಅದಕ್ಕೆಂದೇ ನಿಮಗೆ ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿರುತ್ತೇವೆ. ಹಾಗಾಗಿ ಮಂಪರು ಕಂಡ ಕೂಡಲೇ ಎಲ್ಲರೂ, ಎಷ್ಟೋ ಸಲ ವೈದ್ಯರೂ, ಅದೇ ಇರಬೇಕು ಎಂದುಕೊಳ್ಳುತ್ತಾರೆ.

ಹಳ್ಳಿಯೊಂದರಿಂದ ಬಂದಿದ್ದ ಒಬ್ಬ ರೈತರ ವಿಷಯ ಹೇಳುತ್ತೇನೆ. ಬೆಳಿಗ್ಗೆ ಐದು ಗಂಟೆಗೆ ಮಾತು ನಿಂತಿತು. ಮನೆಯವರು ಬಾಯಿಗೆ ತೀರ್ಥ ಬಿಡಲು ಸಿದ್ಧರಾದರು, ಊರಿನ ನೆಂಟರಿಗೆಲ್ಲ ಫೋನ್ ಹೋಯಿತು. ಸೊಸೆ ಮಾತ್ರ ಅತ್ತೆಯ ಸಕ್ಕರೆ ಮೀಟರ್ ತಂದು ಬೆರಳು ಚುಚ್ಚಿ ನೋಡಿದಳು. 38 ಬಂತು. ಹತ್ತಿರದ ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸ್ ಹಾಕಿದ ಸ್ವಲ್ಪ ಹೊತ್ತಿಗೆ ಆ ಹಿರಿಯರು ಕಣ್ಣು ಬಿಟ್ಟು, "ಯಾಕ್ರೋ ಎಲ್ಲಾರೂ ನಿಂತೀರಿ?" ಎಂದು ಕೇಳಿದರು. ರೋಗ ವಾಸಿಯಾಗಲಿಲ್ಲ ನಿಜ. ಆದರೆ ಅವರು ಮತ್ತೆ ಏಳು ವಾರ ಮನೆಯವರೊಂದಿಗೆ ಮಾತಾಡಿಕೊಂಡಿದ್ದರು, ಹೊಲದ ಹಂಚಿಕೆಯನ್ನು ತಮ್ಮ ಬಾಯಿಂದಲೇ ಹೇಳಿ ಹೋದರು.

ಹಾಗಾಗಿ ಮಂಪರು ಬಂದಾಗ ಮೊದಲು ಸಕ್ಕರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಇಳಿದಿದೆ ಎಂದರ್ಥ. ರೋಗಿಗೆ ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಆಮೇಲೆ ಅನ್ನವನ್ನೋ ಗಂಜಿಯನ್ನೋ ಕೊಡಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ತೀರ್ಥವನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ. ಒಮ್ಮೆ ಸರಿಹೋದರೂ ಈ ಕಾಯಿಲೆಯಲ್ಲಿ ಸಕ್ಕರೆ ಮತ್ತೆ ಮತ್ತೆ ಇಳಿಯುತ್ತದೆ, ಆದ್ದರಿಂದ ಅಂದೇ ವೈದ್ಯರಿಗೆ ತೋರಿಸಬೇಕು.

ಮನೆಯಲ್ಲಿ ಮೂರು ತಾಸಿಗೊಮ್ಮೆ ಏನಾದರೂ ತಿನ್ನಿಸಿ. ಮಲಗುವ ಮುಂಚೆ ರಾಗಿ ಗಂಜಿಯೋ ಮಿದುವಾದ ಅನ್ನವೋ ಹೊಟ್ಟೆಗೆ ಬೀಳಲಿ. ಒಮ್ಮೆ ಸಕ್ಕರೆ ಇಳಿದವರಿಗೆ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎಬ್ಬಿಸಿ ಕೊಡಿ. ಮೊದಲಿನಿಂದ ಸಕ್ಕರೆ ಕಾಯಿಲೆ ಇದ್ದವರು ಹಳೆಯ ಚೀಟಿಯ ಮಾತ್ರೆ, ಇನ್ಸುಲಿನ್ ಅನ್ನೇ ಅದೇ ಪ್ರಮಾಣದಲ್ಲಿ ಮುಂದುವರಿಸಿರುತ್ತಾರೆ. ಊಟ ಅರ್ಧಕ್ಕಿಳಿದ ಮೇಲೆ ಅದು ಅಪಾಯ. ಚೀಟಿಯನ್ನು ತಂದು ತೋರಿಸಿ.

ಇನ್ನೊಂದು ಮಾತು. ನಮ್ಮ ಹಿರಿಯರು ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ತುತ್ತು ಹಾಕುವುದಿಲ್ಲ. ನೀರು ಕಾಯಿಸಿ, ಸ್ನಾನ ಮಾಡಿಸಿ ಪೂಜೆಗೆ ಕೂರಿಸುವಷ್ಟರಲ್ಲಿ ಹತ್ತು ಗಂಟೆ. ರಾತ್ರಿ ಎಂಟಕ್ಕೆ ಉಂಡವರಿಗೆ ಅದು ಹದಿನಾಲ್ಕು ತಾಸಿನ ಉಪವಾಸ. ಪೂಜೆ ಬಿಡಿ ಎಂದು ಹೇಳಲು ನಾನು ಯಾರು? ಇಷ್ಟಲಿಂಗ ಅಂಗೈಯಲ್ಲೇ ಇದೆ. ಹಾಸಿಗೆಯ ಮೇಲೆ ಕುಳಿತೇ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಆರು ಗಂಟೆಗೇ ಪೂಜೆ ಮುಗಿಸಿ ಪ್ರಸಾದ ಕೊಡಬಹುದಲ್ಲ. ಶ್ರಾವಣ ಸೋಮವಾರದ, ಶಿವರಾತ್ರಿಯ ಉಪವಾಸವನ್ನು ಮಾತ್ರ ಮನೆಯ ಬೇರೆಯವರು ಅವರ ಪರವಾಗಿ ಮಾಡಲಿ. ಸಂಶಯವಿದ್ದರೆ ಪೂಜ್ಯರನ್ನೇ ಕೇಳಿ.

ಎರಡನೆಯದು ಗಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತಸ್ರಾವವಾಗುವುದು. ಲಿವರಿನ ಮೇಲ್ಮೈಗೆ ಹತ್ತಿರವಿರುವ ದೊಡ್ಡ ಗಡ್ಡೆಗಳಲ್ಲಿ ಹೀಗಾಗುವ ಸಂಭವ ಹೆಚ್ಚು. ಇದ್ದಕ್ಕಿದ್ದಂತೆ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು, ಕೆಲವರಿಗೆ ಬಲ ಭುಜದಲ್ಲಿ ಕೂಡ. ಮುಖ ಬಿಳಿಚಿಕೊಳ್ಳುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಹೊಟ್ಟೆ ಉಬ್ಬುತ್ತದೆ. ಗ್ಯಾಸ್ ಎಂದು ಸೋಡಾ ಕುಡಿಸಿ, ಎಣ್ಣೆ ಹಚ್ಚಿ ತಿಕ್ಕುತ್ತಾ ಕೂತರೆ ಹೊತ್ತು ಹೋಗುತ್ತದೆ. ತಿಕ್ಕಬೇಡಿ, ಒತ್ತಬೇಡಿ, ಶಾಖ ಕೊಡಬೇಡಿ. ಅಂಗಡಿಯ ನೋವಿನ ಮಾತ್ರೆ ಬೇಡ, ಅದರಲ್ಲಿ ಕೆಲವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಮಲಗಿಸಿಕೊಂಡೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ರಕ್ತ ಕೊಡಬಲ್ಲ ಇಬ್ಬರು ಮೂವರು ಜೊತೆಗೆ ಬರಲಿ. ತೊಡೆಯ ಅಥವಾ ಕೈಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆ ಇದೆ. ಅದು ಎಲ್ಲ ಊರಿನಲ್ಲಿ ಸಿಗುವುದಿಲ್ಲ. ಲಿವರ್ ಪೂರ್ತಿ ಸೋತವರಿಗೆ ಅದರಿಂದ ಪ್ರಯೋಜನವೂ ಕಡಿಮೆ. ಸ್ಕ್ಯಾನಿನಲ್ಲಿ ಗಡ್ಡೆ ಅಂಚಿನಲ್ಲಿದೆಯೇ, ಹೀಗಾದರೆ ಎಲ್ಲಿಗೆ ಹೋಗಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಮೂರನೆಯದು ಬೆನ್ನುಮೂಳೆಗೆ ಹರಡುವುದು. ಹೊಸದಾಗಿ ಬಂದ ಬೆನ್ನುನೋವು, ರಾತ್ರಿ ಮಲಗಿದಾಗ ಹೆಚ್ಚಾಗುವುದು, ಆಮೇಲೆ ಕಾಲಿನಲ್ಲಿ ಶಕ್ತಿ ಕುಂದುವುದು, ಜೋಮು, ಮೂತ್ರ ಕಟ್ಟುವುದು. ಇದನ್ನು ನಿಶ್ಶಕ್ತಿ ಎಂದುಕೊಂಡು ಟಾನಿಕ್ ಕುಡಿಸುತ್ತಾರೆ. ಇದಕ್ಕೆ ಗಂಟೆಗಳ ಲೆಕ್ಕ. ನಡೆಯುತ್ತಿರುವಾಗಲೇ ಸ್ಟೀರಾಯ್ಡ್, ವಿಕಿರಣ ಚಿಕಿತ್ಸೆ ಸಿಕ್ಕರೆ ಮುಂದೆಯೂ ನಡೆಯುವ ಸಾಧ್ಯತೆ ಚೆನ್ನಾಗಿರುತ್ತದೆ. ಕಾಲು ಪೂರ್ತಿ ಬಿದ್ದ ಮೇಲೆ ಅದು ಮರಳುವುದು ಕಷ್ಟ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೂ ಮಂಪರು ಬರುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ ಅದರ ಲಕ್ಷಣ, ಸಲೈನ್ ಮತ್ತು ಒಂದು ಚುಚ್ಚುಮದ್ದಿನಿಂದ ಇಳಿಸಬಹುದು. ಗಡ್ಡೆ ಪಿತ್ತನಾಳಕ್ಕೆ ಇಳಿದು ಅಡ್ಡಗಟ್ಟಿದರೆ ಕಾಮಾಲೆ ದಿಢೀರನೆ ಏರುತ್ತದೆ, ಮೈ ತುರಿಸುತ್ತದೆ. ಎಲ್ಲ ಕಾಮಾಲೆಯೂ ಲಿವರ್ ಸೋತದ್ದರಿಂದಲೇ ಅಲ್ಲ. ಅಡ್ಡಗಟ್ಟಿದ ಕಾಮಾಲೆಗೆ ನಳಿಕೆ ಹಾಕಿ ಪಿತ್ತ ಹರಿಸಬಹುದು, ಆದ್ದರಿಂದ ನಾಟಿ ಔಷಧಕ್ಕೆ, ಬರೆ ಹಾಕಿಸುವುದಕ್ಕೆ ಓಡುವ ಮೊದಲು ಒಂದು ಸ್ಕ್ಯಾನ್ ಆಗಲಿ. ಗಡ್ಡೆಯ ತುಣುಕು ದೊಡ್ಡ ರಕ್ತನಾಳದೊಳಗೆ ಬೆಳೆದು ಹೃದಯದವರೆಗೆ ಹೋಗುವುದೂ ಉಂಟು. ಎರಡೂ ಕಾಲು ಏಕಾಏಕಿ ಬಾತು ಉಸಿರು ಕಟ್ಟಿದರೆ ತಡ ಮಾಡಬೇಡಿ. ಕೆಲವರಲ್ಲಿ ಹಿಮೋಗ್ಲೋಬಿನ್ 17, 18ಕ್ಕೆ ಏರಿರುತ್ತದೆ. "ರಕ್ತ ಚೆನ್ನಾಗಿದೆ" ಎಂದು ಮನೆಯವರಿಗೆ ಸಂತೋಷ. ಅದೂ ಗಡ್ಡೆಯದೇ ಕೆಲಸವಿರಬಹುದು, ಸಂತೋಷಪಡುವಂಥದ್ದಲ್ಲ.

ಈ ತೊಂದರೆಗಳು ಬಂದಾಗ ರೋಗ ಬಹಳ ಮುಂದೆ ಹೋಗಿರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಪ್ರತಿಯೊಂದಕ್ಕೂ ನಗರದ ಆಸ್ಪತ್ರೆಗೆ ಓಡಲೇಬೇಕೆಂದೂ ಇಲ್ಲ. ರೋಗಿಗೆ ಏನು ಬೇಕು ಎಂದು ಅವರಿಗೆ ಎಚ್ಚರವಿರುವಾಗಲೇ ಕೇಳಿ. "ನಾ ಮನೆಯಾಗೇ ಇರ್ತೀನಿ" ಎಂದರೆ ಅದಕ್ಕೂ ವೈದ್ಯಕೀಯ ನೆರವು ಇದೆ. ನೋವಿಗೆ ಮಾರ್ಫಿನ್ ಮಾತ್ರೆ ಇದೆ; 2014ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಮೊದಲಿನಷ್ಟು ತೊಡಕಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಚಟವಾಗುತ್ತದೆಂಬ ಭಯ ಬೇಡ. ಮನೆಯಲ್ಲೇ ಇರುವವರಿಗೂ ಸಕ್ಕರೆ ನೋಡುವುದನ್ನು ಮಾತ್ರ ಬಿಡಬೇಡಿ, ಅದು ಮನೆಯಲ್ಲೇ ಆಗುವ ಕೆಲಸ.

ಹೋಗುವಾಗ ಪ್ರತಿ ಮನೆಯವರೂ ಒಂದು ಚೀಟಿ ಬರೆದುಕೊಳ್ಳಿ: ಈಗ ಕೊಡುತ್ತಿರುವ ಮಾತ್ರೆಗಳ ಹೆಸರು, ರೋಗಿಯ ರಕ್ತದ ಗುಂಪು, ರಾತ್ರಿ ವಾಹನ ತರಬಲ್ಲವರ ಫೋನ್ ನಂಬರು. ಅದನ್ನು ಫೈಲಿನ ಮೊದಲ ಹಾಳೆಗೆ ಅಂಟಿಸಿ. ಮೀಟರಿನಲ್ಲಿ ಸಕ್ಕರೆ ನೋಡುವುದು ಗೊತ್ತಿಲ್ಲದವರು ಇಲ್ಲೇ ಕುಳಿತಿರಿ, ಸಿಸ್ಟರ್ ಒಬ್ಬೊಬ್ಬರಿಗೇ ಹೇಳಿಕೊಡುತ್ತಾರೆ.