ಆ್ಯಪ್ ಒಳಗೆ ಡೇಟಾಬೇಸ್ ಪಾಸ್‌ವರ್ಡ್ ಇಟ್ಟಿದ್ದೀರಾ?

ಇವತ್ತಿನ ಮಾತು ಕೋಡ್ ಬರೆಯೋ ಹುಡುಗ-ಹುಡುಗಿಯರಿಗೆ. ಯಾರಾದ್ರೂ ತಮ್ಮ ಕಾಲೇಜು ಪ್ರಾಜೆಕ್ಟ್ ತೋರಿಸಿದ್ರೆ ಸ್ಕ್ರೀನ್ ಎಷ್ಟು ಚೆಂದ ಇದೆ ಅಂತ ನಾನು ಆಮೇಲೆ ನೋಡ್ತೀನಿ. ಮೊದಲು ಕೇಳೋದು ಒಂದೇ: ಇದು ಡೇಟಾಬೇಸ್‌ಗೆ ಹೇಗೆ ಕನೆಕ್ಟ್ ಆಗುತ್ತೆ?

ಕನೆಕ್ಟ್ ಮಾಡೋದೇನೂ ಕಷ್ಟ ಅಲ್ಲ. ಸರ್ವರ್ ವಿಳಾಸ, ಪೋರ್ಟ್ ನಂಬರ್, ಡೇಟಾಬೇಸ್ ಹೆಸರು, ಯೂಸರ್‌ನೇಮ್, ಪಾಸ್‌ವರ್ಡ್ ಇದ್ದರಾಯ್ತು. ಪೋರ್ಟ್ ಮೈಎಸ್‌ಕ್ಯುಎಲ್‌ಗಾದ್ರೆ ಸಾಮಾನ್ಯವಾಗಿ 3306, ಪೋಸ್ಟ್‌ಗ್ರೆಸ್‌ಗೆ 5432. ನಿಮ್ಮ ಭಾಷೆಗೆ ತಕ್ಕ ಡ್ರೈವರ್ ಹಾಕಿಕೊಂಡ್ರೆ ಹತ್ತು ನಿಮಿಷದ ಕೆಲಸ. ತಲೆನೋವು ಇರೋದು ಆ ಪಾಸ್‌ವರ್ಡ್ ಎಲ್ಲಿಡ್ತೀರಿ ಅನ್ನೋದರಲ್ಲಿ.

ತುಂಬಾ ಜನ ಮೊಬೈಲ್ ಆ್ಯಪ್ ಒಳಗೇ ಇಟ್ಟುಬಿಡ್ತಾರೆ. 'ಕಂಪೈಲ್ ಆಗಿದೆಯಲ್ಲ, ಯಾರಿಗೆ ಕಾಣುತ್ತೆ?' ಅಂತಾರೆ. ಕಾಣುತ್ತೆ ಮಾರಾಯ್ರೆ! ಎಪಿಕೆ ಫೈಲ್ ಅಂದ್ರೆ ಒಂಥರಾ ಜಿಪ್ ಫೈಲೇ. ಪುಕ್ಕಟೆ ಸಿಗೋ ಟೂಲ್‌ನಲ್ಲಿ ಬಿಚ್ಚಿದ್ರೆ ಪಾಸ್‌ವರ್ಡ್ ಎದುರಿಗೇ ಇರುತ್ತೆ. ಹಾಸ್ಟೆಲ್ ಆ್ಯಪ್ ಅಂದುಕೊಳ್ಳಿ. ಅಲ್ಲಿರೋ ಎಲ್ಲ ಹುಡುಗಿಯರ ಫೋನ್ ನಂಬರ್, ಮನೆ ವಿಳಾಸ ಯಾರೋ ಅಪರಿಚಿತನ ಕೈಗೆ ಹೋಗುತ್ತೆ. ರೂಟ್ ಯೂಸರ್ ಕೊಟ್ಟಿದ್ರಂತೂ ಟೇಬಲ್ಲನ್ನೇ ಅಳಿಸಿ ಹೋಗಬಹುದು.

ಅದಕ್ಕೇ ನಡುವೆ ನಿಮ್ಮದೊಂದು ಸರ್ವರ್ ಪ್ರೋಗ್ರಾಂ ಬೇಕು. ಫೋನ್ ಅದನ್ನು ಕೇಳುತ್ತೆ. ಕೇಳ್ತಿರೋದು ಯಾರು, ಅವರಿಗೆ ಎಷ್ಟು ತೋರಿಸಬಹುದು ಅಂತ ಪರೀಕ್ಷಿಸಿ ಆ ಸರ್ವರ್ ಮಾತ್ರ ಡೇಟಾಬೇಸ್ ಜೊತೆ ಮಾತಾಡುತ್ತೆ. ಪಾಸ್‌ವರ್ಡ್ ಅಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರಲಿ, ಕೋಡ್‌ನಲ್ಲಿ ಬೇಡ. ಗಿಟ್‌ಹಬ್‌ಗೆ ಒಮ್ಮೆ ಹೋಗಿಬಿಟ್ಟಿದ್ರೆ ಆ ಸಾಲು ಅಳಿಸಿದ್ರೆ ಸಾಲದು, ಹಳೇ ಹಿಸ್ಟರಿಯಲ್ಲಿ ಉಳಿದೇ ಇರುತ್ತೆ. ಪಾಸ್‌ವರ್ಡನ್ನೇ ಬದಲಾಯಿಸಿ.

ಇನ್ನೊಂದು ಲಾಭ ಇದೆ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಒಂದೊಂದು ಪ್ರೋಸೆಸ್ ಶುರು ಮಾಡುತ್ತೆ, ನೀವು ಸೆಟ್ಟಿಂಗ್ ಮುಟ್ಟದಿದ್ರೆ 100ಕ್ಕೆ ನಿಲ್ಲಿಸುತ್ತೆ. ಐನೂರು ಫೋನ್ ನೇರವಾಗಿ ನುಗ್ಗಿದ್ರೆ ಮಿಕ್ಕವರಿಗೆ ಬಾಗಿಲು ಬಂದ್. ಸರ್ವರ್ ಆದ್ರೆ ಹತ್ತಿಪ್ಪತ್ತು ಕನೆಕ್ಷನ್ ತೆರೆದಿಟ್ಟು ಸರದಿಯಲ್ಲಿ ಬಳಸುತ್ತೆ, ದರ್ಶಿನಿಯಲ್ಲಿ ತಟ್ಟೆ ತೊಳೆದು ಮತ್ತೆ ಕೊಟ್ಟಹಾಗೆ. ಇದನ್ನೇ ಕನೆಕ್ಷನ್ ಪೂಲ್ ಅನ್ನೋದು. ತಟ್ಟೆ ವಾಪಸ್ ಬರಬೇಕು ಅಷ್ಟೇ. ಕೆಲಸ ಮುಗಿದ ಮೇಲೆ, ನಡುವೆ ಎರರ್ ಬಂದ್ರೂ ಸಹ, ಕನೆಕ್ಷನ್ ಬಿಟ್ಟುಕೊಡಿ.

ಬಳಕೆದಾರರು ಟೈಪ್ ಮಾಡಿದ್ದನ್ನು ಕ್ವೆರಿಗೆ ಹಾಗೇ ಅಂಟಿಸಬೇಡಿ. ಮಂಗಳೂರಿನ ಡಿಸೋಜ ಒಬ್ಬರು ತಮ್ಮ ಹೆಸರನ್ನು ಇಂಗ್ಲಿಷ್‌ನಲ್ಲಿ, ಡಿ ಪಕ್ಕದ ಅಪಾಸ್ಟ್ರಫಿ ಸಮೇತ ಬರೆದ್ರೆ ಸಾಕು, ನಿಮ್ಮ ಕ್ವೆರಿ ಮುರಿದುಬೀಳುತ್ತೆ. ಪಾಪ, ಅವರದೇನೂ ತಪ್ಪಿಲ್ಲ. ಆದ್ರೆ ಅದೇ ಸಂದಿಯಲ್ಲಿ ಕಳ್ಳನೂ ನುಗ್ತಾನೆ, ಎಸ್‌ಕ್ಯುಎಲ್ ಇಂಜೆಕ್ಷನ್ ಅಂದ್ರೆ ಅದೇ. ಡ್ರೈವರ್ ಕೊಡೋ ಪ್ಯಾರಾಮೀಟರ್ ಬಳಸಿ, ಹೆಸರು ಹೆಸರಾಗಿಯೇ ಹೋಗುತ್ತೆ.

ಹಾಂ, ನಿಮ್ಮ ಆ್ಯಪ್ ಬರೀ ಮನೆ ಖರ್ಚು ಬರೆದಿಡೋದಾದ್ರೆ ಈ ರಾಮಾಯಣ ಯಾವುದೂ ಬೇಡ. ಆಂಡ್ರಾಯ್ಡ್‌ನಲ್ಲೇ ಎಸ್‌ಕ್ಯುಎಲೈಟ್ ಇದೆ. ಸರ್ವರ್ ಇಲ್ಲ, ಪೋರ್ಟ್ ಇಲ್ಲ, ಇಡೀ ಡೇಟಾಬೇಸ್ ಫೋನ್‌ನಲ್ಲಿರೋ ಒಂದು ಫೈಲ್. ಅದರಿಂದಲೇ ಶುರು ಮಾಡಿ.