ಹಿನ್ನೀರಿನ ಮೇಲೊಂದು ಆಂಟೆನಾ



ರೇಡಿಯೋದ ಮುಳ್ಳನ್ನು ಎರಡು ನಿಲಯಗಳ ನಡುವೆ ನಿಲ್ಲಿಸಿದರೆ ಒಂದು ಗೊರಗೊರ ಸದ್ದು ಕೇಳಿಬರುತ್ತದೆ. ಅದರಲ್ಲಿ ಸಿಡಿಲಿನ ಪಾಲುಂಟು, ಆಕಾಶಗಂಗೆಯ ಪಾಲುಂಟು, ಯಂತ್ರದ ಪಾಲೂ ಉಂಟು. ಅತ್ಯಲ್ಪವಾದ ಒಂದು ಪಾಲು ಮಾತ್ರ, ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕಿನದು. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರಿಗೆ ಈ ಸದ್ದು ಬಿಡದೆ ಕಾಡಿತು. ಆಂಟೆನಾದೊಳಗಿನ ಪಾರಿವಾಳದ ಹಿಕ್ಕೆಯನ್ನೂ ಬಳಿದು ತೆಗೆದು ನೋಡಿದರು, ಸದ್ದು ಹೋಗಲಿಲ್ಲ. ಪರಮಶೂನ್ಯಕ್ಕಿಂತ 2.7 ಡಿಗ್ರಿಯಷ್ಟೇ ಮೇಲಿರುವ ಆದಿಯ ಶಾಖದ ಉಳಿಕೆ ಅದೆಂದು ಮರುವರ್ಷ ಲೋಕಕ್ಕೆ ತಿಳಿಯಿತು.

ನಾನು ಉಡುತಡಿಯವನು. ಅಕ್ಕಮಹಾದೇವಿಯ ಊರು, ಅಲ್ಲಮನ ಬಳ್ಳಿಗಾವೆಯೂ ಅದೇ ಶಿಕಾರಿಪುರ ತಾಲ್ಲೂಕಿನದು. ಬಯಲು, ಶೂನ್ಯ ಎಂಬ ಮಾತುಗಳು ನಮ್ಮ ಕಡೆಯವರ ಕಿವಿಗೆ ಹೊಸವಲ್ಲ. ಆದಕಾರಣ ವಿಶ್ವದ ಆದಿಯ ಪ್ರಸ್ತಾಪ ಬಂದೊಡನೆ, ಶರಣರು ಇದನ್ನು ಅಂದೇ ಕಂಡಿದ್ದರು ಎನ್ನುವವರೂ ನಮ್ಮಲ್ಲಿದ್ದಾರೆ. ನಾನು ಆ ಪಕ್ಷದವನಲ್ಲ. ಶರಣರು ಅಳೆಯಹೊರಟವರಲ್ಲ, ಖಗೋಳ ವಿಜ್ಞಾನಿಗಾದರೋ ಅಳತೆಯೇ ಪ್ರಮಾಣ.

ಆ ಅಳತೆ ಎಷ್ಟು ನಿಷ್ಠುರವೆಂಬುದಕ್ಕೆ ಒಂದು ನಿದರ್ಶನ. 1950ರ ದಶಕದ ಆರಂಭದಲ್ಲಿ ವೈಜ್‌ಸೇಕರ್, ಗ್ಯಾಮೊವ್ ಮೊದಲಾದವರು ಸೊಗಸಾದ ಊಹೆಯೊಂದನ್ನು ಮುಂದಿಟ್ಟರು. ತುಂಬಿದ ಹೊಳೆಯಲ್ಲಿ ಸುಳಿಯೇಳುವಂತೆ ಆದಿವಿಶ್ವದ ಅನಿಲದಲ್ಲಿಯೂ ಸುಳಿಗಳೆದ್ದವು, ಅವುಗಳಿಂದಲೇ ಗ್ಯಾಲಕ್ಸಿಗಳು ರೂಪುಗೊಂಡವು ಎಂದು. ಗ್ಯಾಲಕ್ಸಿಗಳು ಏಕೆ ತಿರುಗುತ್ತವೆಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿತ್ತು. ಆದರೆ ಅಂಥ ಪ್ರಬಲ ಸುಳಿಗಳು ಇದ್ದಿದ್ದಲ್ಲಿ ಆದಿಯ ಬೆಳಕಿನಲ್ಲಿ ಅವುಗಳ ಕದಡು ಕಾಣಬೇಕಿತ್ತು. ಕಾಣಲಿಲ್ಲ. 1992ರಲ್ಲಿ ಕೋಬೆ ಉಪಗ್ರಹದ ಅಳತೆ ಪ್ರಕಟವಾದಾಗ ಅದರ ಏರಿಳಿತ ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರವೆಂದು ತಿಳಿಯಿತು. ಆ ಸುಳಿಗಳ ಸಿದ್ಧಾಂತ ಉಳಿಯಲಿಲ್ಲ.

ಇಂಥದೇ ಇನ್ನೊಂದು ಪರೀಕ್ಷೆ ನಡೆದದ್ದು ನಮ್ಮ ಜಿಲ್ಲೆಯಲ್ಲಿಯೇ, ಶರಾವತಿಯ ಹಿನ್ನೀರಿನಲ್ಲಿ. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಜಲಜನಕ ಆದಿಯ ಬೆಳಕಿನ ಒಂದಿಷ್ಟು ಅಂಶವನ್ನು ಹೀರಿಕೊಂಡಿರಬೇಕು. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿದ್ದ ಎಡ್ಜಸ್ ಎಂಬ ಉಪಕರಣ 78 ಮೆಗಾಹರ್ಟ್ಸ್ ಬಳಿ ಅಂಥ ತಗ್ಗೊಂದನ್ನು ಕಂಡಿದೆಯೆಂದು ಪ್ರಕಟವಾಯಿತು. ತಗ್ಗಿನ ಆಳ ನಿರೀಕ್ಷೆಯ ಎರಡು ಪಟ್ಟಿಗೂ ಹೆಚ್ಚು! ಹೊಸ ಭೌತಶಾಸ್ತ್ರವೇ ಬೇಕಾದೀತೆಂದು ಲೇಖನಗಳ ಮೇಲೆ ಲೇಖನಗಳು ಬಂದವು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರವಿ ಸುಬ್ರಹ್ಮಣ್ಯನ್, ಸೌರಭ್ ಸಿಂಗ್ ಮತ್ತು ಅವರ ಸಂಗಡಿಗರು ಅವಸರಪಡಲಿಲ್ಲ. ನೆಲದ ಮೇಲಿಟ್ಟ ಆಂಟೆನಾಕ್ಕೆ ಕೆಳಗಿನ ಮಣ್ಣು, ಬಂಡೆ, ತೇವದ ಪದರಗಳು ಪ್ರತಿಫಲನದ ತೊಡಕು ತರುತ್ತವೆ. ನೀರಾದರೆ ಒಂದೇ ಹದದ ಮಾಧ್ಯಮ. ಆದ್ದರಿಂದ ಶಂಕುವಿನಾಕಾರದ ತಮ್ಮ 'ಸರಸ್' ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ, 2020ರ ಆದಿಯಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. 2022ರ ಫೆಬ್ರುವರಿಯಲ್ಲಿ ಫಲಿತಾಂಶ ಹೊರಬಂದಿತು: ಆ ತಗ್ಗು ಇಲ್ಲ. ಎಡ್ಜಸ್ ಹೇಳಿದ ಆಕಾರವನ್ನು ಇವರು ಶೇಕಡ 95.3ರ ಭರವಸೆಯೊಡನೆ ತಳ್ಳಿಹಾಕಿದರು. 'ಇಲ್ಲ' ಎಂಬ ಉತ್ತರಕ್ಕೆ ಹಾರತುರಾಯಿ ಸಿಗುವುದು ಕಡಿಮೆ. ನನಗೆ ಮಾತ್ರ ಇದು ಯಾವ ಶೋಧಕ್ಕೂ ಕಡಿಮೆಯದಾಗಿ ಕಾಣುವುದಿಲ್ಲ.

ಆ ನೀರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ನ್ಯೂಜೆರ್ಸಿಯಲ್ಲಿ ಆ ಸದ್ದು ಕೇಳಿಸಿದ ವರ್ಷವೇ. ಮಲೆನಾಡಿನಲ್ಲಿ 'ಮುಳುಗಡೆ' ಎಂದರೆ ಸಾಕು, ಬೇರೆ ವಿವರಣೆ ಬೇಡ. ಮನೆ, ಗದ್ದೆ, ತೋಟ ಬಿಟ್ಟು ಎದ್ದುಹೋದವರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳವರೆಗೆ ಬಗೆಹರಿಯದೆ ಉಳಿಯಿತು. ಆಂಟೆನಾಕ್ಕೆ ಬೇಕಾಗಿದ್ದ ಆ ಒಂದೇ ಹದದ ನೀರು ಅವರ ಅಂಗಳಗಳ ಮೇಲೆ ನಿಂತದ್ದು. ವಿಜ್ಞಾನದ ಪ್ರಬಂಧದಲ್ಲಿ ಇದಕ್ಕೆ ಎಡೆಯಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ರೇಡಿಯೋ ಭಾಷಣದಲ್ಲಿ ಇರಬಹುದು.

ಮೊದಲ ನಕ್ಷತ್ರಗಳ ನಿಜವಾದ ಗುರುತು ಇನ್ನೂ ಸಿಕ್ಕಿಲ್ಲ. ಅದನ್ನು ಅರಸುವ ತರಂಗಗಳ ಪಟ್ಟಿಯಲ್ಲಿಯೇ ಎಫ್.ಎಂ. ನಿಲಯಗಳ ಮಾತೂ ಹಾಡೂ ತುಂಬಿಕೊಂಡಿವೆ. ಚಂದ್ರನ ಆಚೆಯ ಮಗ್ಗುಲಿಗೆ ಅವು ತಲುಪುವುದಿಲ್ಲವಾಗಿ, 'ಪ್ರತ್ಯುಷ್' ಎಂಬ ಉಪಕರಣವನ್ನು ಚಂದ್ರನ ಕಕ್ಷೆಗೆ ಕಳುಹಿಸುವ ಯೋಜನೆಯನ್ನು ಅದೇ ಸಂಸ್ಥೆ ಹಾಕಿಕೊಂಡಿದೆ.