ಕೆರೆಯ ಮಟ್ಟದಲ್ಲಿ ನಮ್ಮ ಲೆಕ್ಕವೂ ಇದೆ
(ಮಲ್ಲಂದೂರಿನ ಜುಮಾ ಖುತ್ಬಾದ ಸಾರಾಂಶ)



ಮಳೆಯನ್ನು ಅಲ್ಲಾಹನು ಅಳತೆಯಿಂದಲೇ ಇಳಿಸುತ್ತಾನೆ, ಅದನ್ನು ಭೂಮಿಯಲ್ಲಿ ತಂಗಿಸುವವನೂ ಅವನೇ ಎಂದು ಪವಿತ್ರ ಕುರ್‌ಆನ್‌ನ ಸೂರಃ ಅಲ್ ಮುಅ್‌ಮಿನೂನ್ ನಮಗೆ ತಿಳಿಸುತ್ತದೆ. ಬೆಟ್ಟದ ಸೀಮೆಯಲ್ಲಿರುವ ನಮಗೆ ಇದು ಕಣ್ಣೆದುರಿನ ಸತ್ಯ.

ಚಿಕ್ಕಮಗಳೂರು ಪೇಟೆಗೆ ಕುಡಿಯುವ ನೀರು ಕೊಡುವ ಹಿರೇಕೊಳಲೆ ಕೆರೆಯನ್ನೇ ನೋಡೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಗಿರಿಯ ಕಾಡು, ಹುಲ್ಲುಗಾವಲುಗಳಲ್ಲಿ ಇಂಗಿ, ತೊರೆಗಳಾಗಿ ಇಳಿದು ಇಂಥ ಕೆರೆಗಳನ್ನು ತುಂಬಿಸುತ್ತದೆ. ಮಳೆ ನಿಂತ ಮೇಲೂ ಮಣ್ಣು ಹಿಡಿದಿಟ್ಟ ನೀರು ಕೆಲವು ತಿಂಗಳು ಒಸರುತ್ತದೆ. ನಾಲ್ಕೇ ದಿನದಲ್ಲಿ ಸುರಿದ ಮಳೆ ಹಾಗಲ್ಲ. ಅದು ಕೋಡಿ ಹರಿದು ಹೋಗುತ್ತದೆ, ಹೂಳನ್ನು ಮಾತ್ರ ಬಿಟ್ಟುಹೋಗುತ್ತದೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನಮ್ಮ ಕಡೆ ಬರ ಶುರುವಾಗುವುದು ಮಳೆಗಾಲದಲ್ಲಿ, ಕಾಣುವುದು ಫೆಬ್ರವರಿಯ ನಂತರ. ಕೆರೆ ತುಂಬದ ವರ್ಷವೇ ಹೂಮಳೆಯೂ ತಡವಾದರೆ, ರೋಬಸ್ಟಾ ಹೂವಿಗಾಗಿ ಎಲ್ಲರೂ ಒಟ್ಟಿಗೇ ಮೋಟಾರ್ ಹಚ್ಚುತ್ತೇವೆ. ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಹೀಗೆ ಆಕಾಶ ಕಡಿಮೆ ಕೊಟ್ಟ ವರ್ಷವೇ ನಾವು ಹೆಚ್ಚು ಎತ್ತುತ್ತೇವೆ.

ಬೆಳೆಗಾರನ ಸಂಕಟ ಸುಳ್ಳಲ್ಲ. ಹೂ ಕೆಟ್ಟರೆ ವರ್ಷದ ಫಸಲೇ ಕೆಟ್ಟಂತೆ. ಆದರೆ ಅದೇ ಹಳ್ಳದ ಕೆಳಗೆ ಕೂಲಿ ಲೈನಿನ ಮನೆಗಳಿವೆ, ಅಕ್ಕಪಕ್ಕದವರ ಬಾವಿಗಳಿವೆ, ದನಕರುಗಳಿವೆ. ತನ್ನಲ್ಲಿ ಮಿಕ್ಕಿದ ನೀರನ್ನು ದಾರಿಹೋಕನಿಗೆ ಕೊಡದೆ ತಡೆದವನತ್ತ ಅಂತ್ಯದಿನದಂದು ಅಲ್ಲಾಹನು ದೃಷ್ಟಿ ಹಾಯಿಸಲಾರನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ದಾರಿಹೋಕನ ಹಕ್ಕೇ ಇಷ್ಟಾದರೆ ನೆರೆಯವನ ಹಕ್ಕು ಎಷ್ಟು? ಆ ನೆರೆಯವನು ಯಾವ ಧರ್ಮದವನಾದರೂ ಸರಿ.

ಆದ್ದರಿಂದ ಮೊದಲು ಕುಡಿಯುವ ನೀರು, ಆಮೇಲೆ ತೋಟ. ಮೋಟಾರನ್ನು ಸರದಿಯಂತೆ ಹಚ್ಚೋಣ. ರಾತ್ರಿ ಕದ್ದು ಎತ್ತಿದ ನೀರು ಇನ್ನೊಬ್ಬರ ಪಾಲು. ಸಾಧ್ಯವಿದ್ದವರು ಮಳೆಗಾಲದಲ್ಲೇ ಕೃಷಿಹೊಂಡ ತುಂಬಿಸಿಕೊಳ್ಳಲಿ, ಕೆರೆಯ ಹೂಳೆತ್ತಲು ಊರಿನವರೊಂದಿಗೆ ಕೈಜೋಡಿಸಲಿ. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿನ ಆಸುಪಾಸಿನ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಮಸೀದಿಯ ನಲ್ಲಿಯ ಬಳಿ ನಾವೂ ಅದನ್ನು ನೆನೆಯೋಣ.

ಬರ ಬಂದಾಗ ಮಳೆಗಾಗಿ ಇಸ್ತಿಸ್ಕಾ ನಮಾಝ್ ನಿರ್ವಹಿಸುವುದು ಸುನ್ನತ್. ಆದರೆ ಕೈಯೆತ್ತಿ ಮಳೆ ಬೇಡುವ ಮೊದಲು, ಇನ್ನೊಬ್ಬರ ನೀರು ಆ ಕೈಯಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳೋಣ. ಅಲ್ಲಾಹನು ನಮ್ಮ ಗಿರಿಗಳಿಗೆ ಹದವಾದ ಮಳೆಯನ್ನೂ, ನಮ್ಮ ಮನಸ್ಸಿಗೆ ಹಂಚಿ ಬಾಳುವ ಗುಣವನ್ನೂ ಕರುಣಿಸಲಿ. ಆಮೀನ್.